ಮಾರ್ಕ್ 11: ಡಯಲ್ ಬದಲಾಗಿದ್ದರೂ ಅಸಲಿಯೇ

ಮಿಲಿಟರಿ ಪೈಲಟ್ ವಾಚುಗಳಲ್ಲಿ ಒಂದನ್ನು ಇಟ್ಟುಕೊಂಡು ಮಿಕ್ಕದ್ದೆಲ್ಲ ಕೊಟ್ಟುಬಿಡು ಅಂದರೆ ನಾನು ಇಟ್ಟುಕೊಳ್ಳುವುದು ಸ್ವಿಸ್ ಕಂಪನಿ ಐಡಬ್ಲ್ಯುಸಿ ಮಾಡಿದ ಮಾರ್ಕ್ 11. ಇದಕ್ಕಿಂತ ಅಪರೂಪದವು ಇವೆ, ದುಬಾರಿಯವು ಇವೆ, ನೋಡಲು ಇನ್ನೂ ಗತ್ತಿನವೂ ಇವೆ. ಆದರೆ ಬೆಳಗ್ಗೆ ಕೀ ಕೊಟ್ಟು, ಕೈಗೆ ಕಟ್ಟಿಕೊಂಡು, ದಿನವಿಡೀ ಕೆಲಸ ಮಾಡಿದರೂ ಬೇಸರ ತರಿಸದ ವಾಚು ನನ್ನ ಮಟ್ಟಿಗೆ ಇದೊಂದೇ. ಹೊಸದಾಗಿ ಹಳೇ ವಾಚುಗಳ ಹುಚ್ಚು ಹಿಡಿಸಿಕೊಂಡವರು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಡಯಲ್ ಒರಿಜಿನಲ್ಲಾ?" ಈ ವಾಚಿನ ವಿಷಯದಲ್ಲಿ ಆ ಪ್ರಶ್ನೆಯೇ ಸರಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ವಾಚು ನೋಡೋಣ.

ಸ್ಟೀಲ್ ಕೇಸು, ಅಡ್ಡಳತೆ ಸುಮಾರು 36 ಮಿಲಿಮೀಟರ್. ಈಗಿನ ಲೆಕ್ಕಕ್ಕೆ ಸಣ್ಣದೇ. 42, 44ಕ್ಕೆ ಒಗ್ಗಿದ ಕೈಗೆ ಶುರುವಿನಲ್ಲಿ ಏನೋ ಕಮ್ಮಿಯಾದ ಹಾಗೆ ಅನಿಸುತ್ತದೆ, ಸ್ವಲ್ಪ ದಿನ ಕಟ್ಟಿದ ಮೇಲೆ ಆ ದೊಡ್ಡ ವಾಚುಗಳೇ ಅತಿಯಾಯಿತು ಅನಿಸತೊಡಗುತ್ತದೆ. ಕಪ್ಪು ಡಯಲ್, ಬಿಳಿ ಅಂಕಿಗಳು, ಸುತ್ತಲೂ ನಿಮಿಷದ ಗೆರೆಗಳು, ಅಷ್ಟೇ. ತಾರೀಕಿನ ಕಿಂಡಿ ಇಲ್ಲ, ಮಿನುಗುವ ಲೋಹದ ಅಂಕಿಗಳಿಲ್ಲ. ಗಂಟೆ ಮುಳ್ಳನ್ನು ಹತ್ತಿರದಿಂದ ನೋಡಬೇಕು. ಅದರ ತುದಿ ಚೂಪಾಗಿಲ್ಲ, ಅಡ್ಡಕ್ಕೆ ಕತ್ತರಿಸಿದ ಹಾಗೆ ಮೊಂಡಾಗಿದೆ. ನಿಮಿಷದ ಮುಳ್ಳು ಉದ್ದ, ತೆಳ್ಳಗೆ, ಚೂಪು, ಸರಿಯಾಗಿ ಗೆರೆಯ ಬುಡಕ್ಕೆ ಹೋಗಿ ನಿಲ್ಲುತ್ತದೆ. ಯಾವುದು ಗಂಟೆ, ಯಾವುದು ನಿಮಿಷ ಅಂತ ಎಷ್ಟೇ ಅವಸರದಲ್ಲಿ ನೋಡಿದರೂ ಗೊಂದಲ ಆಗುವುದಿಲ್ಲ. ಕತ್ತಲಲ್ಲಿ ಹೊಳೆಯಲಿ ಅಂತ ಬಣ್ಣ ಹಚ್ಚಿರುವುದು ಮುಳ್ಳುಗಳಿಗೆ, 12ರ ಜಾಗದ ತ್ರಿಕೋನಕ್ಕೆ, ಮತ್ತೆ 3, 6, 9ರ ಪಕ್ಕದ ಸಣ್ಣ ಪಟ್ಟಿಗಳಿಗೆ ಮಾತ್ರ. ಅಂಕಿಗಳಿಗೆ ಹಚ್ಚಿಲ್ಲ. ರಾತ್ರಿ ಹೊತ್ತು ವಿಮಾನದೊಳಗೆ ಮಿಕ್ಕದ್ದೆಲ್ಲ ಮಾಯವಾಗಿ ನಾಲ್ಕು ಗುರುತು, ಎರಡು ಮುಳ್ಳು ಉಳಿದರೆ ಸಾಕಲ್ವಾ? ಎಷ್ಟು ಬೇಕೋ ಅಷ್ಟನ್ನೇ ಇಟ್ಟ ಈ ಲೆಕ್ಕಾಚಾರ ನನಗೆ ತುಂಬಾ ಇಷ್ಟ.

ಪೈಲಟ್ ವಾಚು ಅಂತ ಕರೆಯುತ್ತೇವೆ, ಆದರೆ ಇದು ಎಲ್ಲರಿಗಿಂತ ಜಾಸ್ತಿ ಬೇಕಾಗಿದ್ದದ್ದು ವಿಮಾನದ ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್‌ಗೆ. ಉಪಗ್ರಹ ನೋಡಿ ದಾರಿ ಹೇಳುವ ಕಾಲ ಅದಲ್ಲ. ಕೆಳಗೆ ಸಮುದ್ರ, ಸುತ್ತ ಕತ್ತಲೆ. ಸೆಕ್ಸ್‌ಟಂಟ್ ಅನ್ನುವ ಕೋನ ಅಳೆಯುವ ಉಪಕರಣ ಹಿಡಿದು ಒಂದು ನಕ್ಷತ್ರ ಎಷ್ಟು ಎತ್ತರದಲ್ಲಿದೆ ಅಂತ ಅಳೆಯಬೇಕು, ಅಳೆದ ಆ ಕ್ಷಣದ ಸಮಯ ಬರೆದುಕೊಳ್ಳಬೇಕು, ಕೋಷ್ಟಕ ನೋಡಿ ನಾವೆಲ್ಲಿದ್ದೇವೆ ಅಂತ ಲೆಕ್ಕ ಹಾಕಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಅಂದರೆ ವಾಚು 4 ಸೆಕೆಂಡ್ ತಪ್ಪಿದರೆ ಸಮಭಾಜಕ ವೃತ್ತದ ಹತ್ತಿರ ನಿಮ್ಮ ಲೆಕ್ಕ ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿಲೋಮೀಟರ್ ತಪ್ಪುತ್ತದೆ. ಅರ್ಧ ನಿಮಿಷ ತಪ್ಪಿದರೆ ಹತ್ತಿರ ಹತ್ತಿರ 14 ಕಿಲೋಮೀಟರ್. ಎಣ್ಣೆ ಮುಗಿಯುತ್ತಾ ಬಂದಿರುವಾಗ ದ್ವೀಪದ ಮೇಲಿನ ರನ್‌ವೇ ಹುಡುಕುವವನಿಗೆ 14 ಕಿಲೋಮೀಟರ್ ಅಂದರೆ ಏನು ಅಂತ ಯೋಚಿಸಿ. ಈ ವಾಚಿನಲ್ಲಿ ಕಾಣುವ ಪ್ರತಿಯೊಂದು ವಿಷಯವೂ ಆ 4 ಸೆಕೆಂಡಿನಿಂದಲೇ ಹುಟ್ಟಿದ್ದು.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರ ಹೊತ್ತಿಗೆ, ಬ್ರಿಟನ್ ತನ್ನ ರಾಯಲ್ ಏರ್ ಫೋರ್ಸ್‌ಗೆ ಇಂಥ ವಾಚು ಬೇಕು ಅಂತ ಕಟ್ಟುನಿಟ್ಟಾದ ಪಟ್ಟಿ ಮಾಡಿತು. ಮಾಡಿಕೊಟ್ಟವರು ಇಬ್ಬರು: ಶಾಫ್‌ಹೌಸನ್‌ನ ಐಡಬ್ಲ್ಯುಸಿ ಮತ್ತು ಜೇಗರ್-ಲೆಕೂಲ್ತ್ರ್. ಇಬ್ಬರೂ ಸ್ವಿಸ್. ವಾಚುಗಳು ಬಂದ ತಕ್ಷಣ ಹಂಚಿಬಿಡುತ್ತಿರಲಿಲ್ಲ. ಗ್ರೀನಿಚ್ ವೀಕ್ಷಣಾಲಯ ಆಗ ಸಸೆಕ್ಸ್‌ನ ಹರ್ಸ್ಟ್‌ಮನ್ಸೂಗೆ ಹೋಗಿತ್ತು, ಅಲ್ಲಿನ ಕ್ರೋನೋಮೀಟರ್ (ಅತಿ ನಿಖರ ಗಡಿಯಾರ) ವಿಭಾಗ ಇವುಗಳ ಓಟ ಪರೀಕ್ಷೆ ಮಾಡುತ್ತಿತ್ತು. ಆಸ್ಟ್ರೇಲಿಯಾದ ವಾಯುಪಡೆಯೂ ಇದನ್ನು ತರಿಸಿಕೊಂಡಿತು. ರಾಯಲ್ ಏರ್ ಫೋರ್ಸ್ ಇದನ್ನು ಪೂರ್ತಿ ಕೈಬಿಟ್ಟದ್ದು 1981ರಲ್ಲಿ. ಮೂವತ್ತು ವರ್ಷಕ್ಕೂ ಮೇಲೆ ಒಂದೇ ಮಾದರಿಯ ವಾಚು ಸೇವೆಯಲ್ಲಿತ್ತು. ಈ ಮೂವತ್ತು ವರ್ಷ ಅನ್ನುವುದನ್ನು ನೆನಪಿಡಿ, ಡಯಲ್ ಜಗಳಕ್ಕೆ ಬರುವಾಗ ಬೇಕಾಗುತ್ತದೆ.

ಒಳಗಿನ ಮೆಷಿನ್ ಕ್ಯಾಲಿಬರ್ 89. ಆಲ್ಬರ್ಟ್ ಪೆಲ್ಲಟನ್ ಐಡಬ್ಲ್ಯುಸಿಯ ತಾಂತ್ರಿಕ ಮುಖ್ಯಸ್ಥರಾಗಿದ್ದ ಕಾಲದಲ್ಲಿ, 1946ರಲ್ಲಿ ಬಂದದ್ದು. ಕೈಯಿಂದ ಕೀ ಕೊಡುವ ಜಾತಿ, ಸವೆತ ತಡೆಯುವ 17 ಕಲ್ಲು, ಗಂಟೆಗೆ 18,000 ಬಡಿತ. ಸೆಕೆಂಡಿಗೆ ಐದು ಸಲ. ಮುಳ್ಳು ಈಗಿನ ವಾಚುಗಳ ಹಾಗೆ ಜಾರಿಕೊಂಡು ಹೋಗುವುದಿಲ್ಲ, ಸಣ್ಣ ಸಣ್ಣ ಹೆಜ್ಜೆ ಇಡುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಹಿಡಿದರೆ ಸದ್ದೂ ನಿಧಾನ, ದಪ್ಪ. ಕೀ ಕೊಡುವಾಗ ಬೆರಳಿಗೆ ಸಿಗುವ ಆ ಗಟ್ಟಿತನ ನನಗೆ ಬೇರೆ ಯಾವ ಹಳೇ ವಾಚಿನಲ್ಲೂ ಸಿಕ್ಕಿಲ್ಲ. ಕೀಲಿಯನ್ನು, ಅಂದರೆ ಕೀ ಕೊಡಲು ತಿರುಗಿಸುವ ಪಕ್ಕದ ಗುಂಡಿಯನ್ನು, ಹೊರಗೆ ಎಳೆದರೆ ಸೆಕೆಂಡ್ ಮುಳ್ಳು ಇದ್ದಲ್ಲೇ ನಿಲ್ಲುತ್ತದೆ. ರೇಡಿಯೊ ಸಂಕೇತ ಬಂದ ತಕ್ಷಣ ಒತ್ತಿದರೆ ಎಲ್ಲರ ವಾಚೂ ಒಂದೇ ಸೆಕೆಂಡಿಗೆ ಓಡಲು ಶುರು. ಇದನ್ನು ಹ್ಯಾಕಿಂಗ್ ಅನ್ನುತ್ತಾರೆ. ಮಿಲಿಟರಿ ವಾಚು ಕೊಳ್ಳುವವರು ಮೊದಲು ಪರೀಕ್ಷೆ ಮಾಡಬೇಕಾದ್ದೇ ಇದನ್ನು. ಸಾಮಾನ್ಯ ಜನರಿಗೆ ಮಾರಿದ ಕ್ಯಾಲಿಬರ್ 89ರಲ್ಲಿ ಸಾಧಾರಣವಾಗಿ ಈ ಏರ್ಪಾಡು ಇರುವುದಿಲ್ಲ. ಯಾವುದೋ ಅಂಗಡಿ ವಾಚಿನ ಮೆಷಿನ್ ತಂದು ಮಿಲಿಟರಿ ಕೇಸಿನಲ್ಲಿ ಕೂರಿಸಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಮೆಷಿನ್‌ನ ಸುತ್ತ ಮೆದು ಕಬ್ಬಿಣದ ಕವಚ ಇದೆ. ಹಿಂಬದಿ ಮುಚ್ಚಳ ತಿರುಗಿಸಿ ತೆಗೆದರೆ ಮೆಷಿನ್ ಕಾಣುವುದಿಲ್ಲ, ಇನ್ನೊಂದು ಬೂದು ಬಣ್ಣದ ಮುಚ್ಚಳ ಕಾಣುತ್ತದೆ. ಡಯಲ್ ಕೂಡ ಕಬ್ಬಿಣದ್ದೇ. ಎರಡೂ ಸೇರಿ ಮೆಷಿನ್ ಒಂದು ಡಬ್ಬಿಯೊಳಗೆ ಕೂತ ಹಾಗೆ. ವಿಮಾನದೊಳಗಿನ ಯಂತ್ರಗಳ ಕಾಂತಕ್ಷೇತ್ರ ಆ ಕಬ್ಬಿಣದ ಮೂಲಕ ಸುತ್ತಿ ಹೋಗುತ್ತದೆ, ವಾಚಿನ ಬಡಿತ ಕಾಯುವ ಬ್ಯಾಲೆನ್ಸ್ ಸ್ಪ್ರಿಂಗನ್ನು ಮುಟ್ಟುವುದಿಲ್ಲ. ಸ್ಪ್ರಿಂಗಿಗೆ ಕಾಂತ ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ಸಿಕ್ಕಾಪಟ್ಟೆ ಮುಂದೆ ಓಡುತ್ತದೆ, ಹಾಗೆ ಓಡಿದರೆ ಮೇಲೆ ಹೇಳಿದ ಮೈಲಿಗಳ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ಗಾಜಿನ ವಿಷಯವೂ ಹಾಗೇ. ಪ್ಲೆಕ್ಸಿ ಅನ್ನುವ ಪ್ಲಾಸ್ಟಿಕ್ ಗಾಜನ್ನು ಸುಮ್ನೆ ಒತ್ತಿ ಕೂರಿಸಿಲ್ಲ, ಬಿಗಿಯಾದ ಬಳೆ ಹಾಕಿ ಹಿಡಿದಿಟ್ಟಿದ್ದಾರೆ. ಎತ್ತರದಲ್ಲಿ ಕ್ಯಾಬಿನ್‌ನ ಗಾಳಿ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ ವಾಚಿನೊಳಗಿನ ಗಾಳಿ ಗಾಜನ್ನು ಹೊರಗೆ ತಳ್ಳಿಬಿಡಬಹುದು, ಅದಕ್ಕೆ. ಇವತ್ತಿನ ನಮ್ಮ ಬದುಕಿಗೆ ಈ ಬಳೆಯಿಂದ ಕಾಸಿನಷ್ಟೂ ಉಪಯೋಗ ಇಲ್ಲ. ಆದರೂ ಅದು ಇದೆ, ಇರುವುದಕ್ಕೆ ಒಂದು ಕಾರಣ ಇದೆ ಅನ್ನುವುದೇ ಖುಷಿ. ಕಬ್ಬಿಣದ ಕವಚ ಮಾತ್ರ ಈಗಲೂ ಕೆಲಸಕ್ಕೆ ಬರುತ್ತದೆ. ಫೋನು, ಸ್ಪೀಕರು, ಬ್ಯಾಗಿನ ಮುಚ್ಚಳದ ಆಯಸ್ಕಾಂತ ಎಲ್ಲ ಸುತ್ತ ಇರುವ ಮೇಜಿನ ಮೇಲೆ ಕೆಲಸ ಮಾಡುವವರಿಗೆ ಇದು ದೊಡ್ಡ ನೆಮ್ಮದಿ.

ಈಗ ಡಯಲ್ ಜಗಳ. ಮೊದಮೊದಲ ಮಾರ್ಕ್ 11ಗಳಲ್ಲಿ ಮೇಲ್ಗಡೆ ತ್ರಿಕೋನ ಇರಲಿಲ್ಲ, 12 ಅಂತಲೇ ಅಂಕಿ ಇತ್ತು. ಸಂಗ್ರಹಕಾರರು ಇದನ್ನು ವೈಟ್ 12 ಅನ್ನುತ್ತಾರೆ. ಆಮೇಲೆ ತ್ರಿಕೋನ ಬಂತು, ಕತ್ತಲಲ್ಲಿ ಮೇಲೆ ಯಾವುದು ಕೆಳಗೆ ಯಾವುದು ಅಂತ ಥಟ್ಟನೆ ಗೊತ್ತಾಗಲಿ ಅಂತ. ಆಗ ಹಚ್ಚುತ್ತಿದ್ದದ್ದು ವಿಕಿರಣ ಸೂಸುವ ರೇಡಿಯಂ ಬಣ್ಣ. ರೇಡಿಯಂ ಅಪಾಯಕಾರಿ ಅಂತ ಗೊತ್ತಾದ ಮೇಲೆ 1960ರ ದಶಕದಲ್ಲಿ ಬ್ರಿಟಿಷ್ ವರ್ಕ್‌ಶಾಪ್‌ಗಳು ವಾಚುಗಳನ್ನು ವಾಪಸ್ ತರಿಸಿಕೊಂಡು, ರೇಡಿಯಂಗಿಂತ ಸೌಮ್ಯವಾದ ಟ್ರಿಟಿಯಂ ಹಚ್ಚಿದ ಡಯಲ್, ಮುಳ್ಳು ಹಾಕಿಕೊಟ್ಟವು. ಗುರುತಿಗೆ ಡಯಲ್ ಮೇಲೆ ವೃತ್ತದೊಳಗೆ ಟಿ ಅಕ್ಷರ ಬಂತು. ಹೀಗಾಗಿ ಕೇಸಿನ ಹಿಂಬದಿಯಲ್ಲಿ 1950ರ ಸುಮಾರಿನ ವರ್ಷ ಕೆತ್ತಿದ ವಾಚಿನ ಮುಂದೆ 60ರ ದಶಕದ ಡಯಲ್ ಇರುವುದು ತೀರಾ ಮಾಮೂಲು.

ಇದನ್ನು ನೋಡಿ "ಅಯ್ಯೋ, ಡಯಲ್ ಚೇಂಜ್ ಆಗಿದೆ" ಅಂತ ಬಿಟ್ಟು ಹೋಗುವವರು ಬೇಕಾದಷ್ಟು ಜನ. ನನ್ನ ಕಣ್ಣೆದುರೇ ಒಳ್ಳೊಳ್ಳೆಯ ವಾಚುಗಳು ಹೀಗೆ ತಿರಸ್ಕಾರವಾಗಿವೆ. ಅಂಗಡಿಯಲ್ಲಿ ಕೊಂಡು, ಮದುವೆಯಲ್ಲಿ ಕಟ್ಟಿಕೊಂಡು, ಡ್ರಾಯರ್‌ನಲ್ಲಿ ಇಟ್ಟ ವಾಚಿಗೆ ಆ ಅಳತೆಗೋಲು ಸರಿ. ಮಾರ್ಕ್ 11 ಯಾರ ಸ್ವಂತ ಆಸ್ತಿಯೂ ಆಗಿರಲಿಲ್ಲ. ಸರ್ಕಾರದ ಸಾಮಾನು. ನ್ಯಾವಿಗೇಟರ್ ಸಹಿ ಹಾಕಿ ಪಡೆಯುತ್ತಿದ್ದ, ಕೆಲಸ ಮುಗಿದ ಮೇಲೆ ವಾಪಸ್ ಕೊಡುತ್ತಿದ್ದ. ಅದು ವರ್ಕ್‌ಶಾಪ್‌ಗೆ ಹೋಗುತ್ತಿತ್ತು, ಅಲ್ಲಿ ಬಿಚ್ಚುತ್ತಿದ್ದರು, ಸವೆದದ್ದು ತೆಗೆದು ಸ್ಟೋರಿನಲ್ಲಿದ್ದ ಇನ್ನೊಂದು ಹಾಕುತ್ತಿದ್ದರು, ಮತ್ತೆ ಇನ್ನೊಬ್ಬನ ಕೈಗೆ. ಡಯಲ್ ಬದಲಾದದ್ದು ಈ ಸೇವೆಯ ಭಾಗ. ವೈಟ್ 12 ಡಯಲ್ ಹಾಗೇ ಉಳಿದಿದೆ ಅಂದರೆ ಅದು ಅಪರೂಪ, ಒಪ್ಪುತ್ತೇನೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ ಇರುತ್ತದೆ. ಆದರೆ ವೃತ್ತದೊಳಗಿನ ಟಿ ಇರುವ ಡಯಲ್ ಅದಕ್ಕಿಂತ ಕಡಿಮೆ ಅಸಲಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದನ್ನು ಹಾಕಿದವನೂ ಅದೇ ವಾಯುಪಡೆಗೆ ಕೆಲಸ ಮಾಡುತ್ತಿದ್ದವನೇ ತಾನೇ?

ಇದೇ ಮಾತು ಒಮೆಗಾಗೂ ಸಲ್ಲುತ್ತದೆ. 1953ರಲ್ಲಿ ರಾಯಲ್ ಏರ್ ಫೋರ್ಸ್ ಒಮೆಗಾದಿಂದಲೂ ವಾಚು ತರಿಸಿತು, ಅದರೊಳಗೂ ಕಬ್ಬಿಣದ ಕವಚ ಇದೆ. ಅದರ ಮೊದಲ ಡಯಲ್‌ನಲ್ಲಿ ಸರ್ಕಾರಿ ಬಾಣದ ಗುರುತು ತೆಳ್ಳಗಿತ್ತು. ಟ್ರಿಟಿಯಂ ಡಯಲ್ ಹಾಕಿದಾಗ ಬಾಣ ದಪ್ಪಗಾಯಿತು. ಈಗ ಸಿಗುವವುಗಳಲ್ಲಿ ಜಾಸ್ತಿ ದಪ್ಪ ಬಾಣದವೇ. ತೆಳು ಬಾಣ ಸಿಗುವ ತನಕ ಕಾಯುತ್ತೇನೆ ಅಂತ ವರ್ಷಗಟ್ಟಲೆ ಬರಿಗೈಯಲ್ಲಿ ಇರುವವರನ್ನು ಬಲ್ಲೆ. ದಪ್ಪ ಬಾಣದ ಒಮೆಗಾ ಕೈಯಲ್ಲಿ ಹಿಡಿದು ನೋಡಿ, ಎಂಥ ಚೆಂದದ ವಾಚು ಅದು!

ನನ್ನ ವಾಚಿನ ಡಯಲ್ ಟಿ ಗುರುತಿನದು. ಹಚ್ಚಿದ ಬಣ್ಣ ಈಗ ಹಳದಿಗೆ ತಿರುಗಿದೆ, ತ್ರಿಕೋನದ ಒಂದು ಮೂಲೆಯಲ್ಲಿ ಸ್ವಲ್ಪ ಗಾಢ. ಮುಳ್ಳುಗಳ ಬಣ್ಣ ಡಯಲ್ ಬಣ್ಣಕ್ಕಿಂತ ಒಂದು ಛಾಯೆ ಕಂದು. ಅಂದರೆ ಮುಳ್ಳುಗಳು ಬೇರೆ ಸಲ ಬದಲಾಗಿರಬೇಕು, ಅಥವಾ ಬಣ್ಣದ ಬ್ಯಾಚ್ ಬೇರೆ ಇರಬೇಕು. ಇದು ನನಗೆ ದೋಷವಾಗಿ ಕಾಣುವುದಿಲ್ಲ. ಹಿಂಬದಿಯಲ್ಲಿ ಬಾಣದ ಗುರುತು, ಅದರ ಕೆಳಗೆ 6ಬಿ/346 ಅನ್ನುವ ಸ್ಟೋರ್ ನಂಬರು, ಅದರ ಕೆಳಗೆ ಕ್ರಮಸಂಖ್ಯೆ, ಒಂದು ಓರೆಗೆರೆ, ವರ್ಷ 52. ಅಂಕಿಗಳ ಅಂಚು ಬೆರಳಿಗೆ ಈಗಲೂ ಹತ್ತುತ್ತದೆ. ಮಾರಾಟಕ್ಕೆ ಬಂದ ವಾಚುಗಳಲ್ಲಿ ನಾನು ಮೊದಲು ನೋಡುವುದು ಈ ಅಂಚನ್ನೇ.

ಯಾಕೆಂದರೆ ನಿಜವಾದ ನಷ್ಟ ಆಗುವುದು ಪಾಲಿಶ್‌ನಿಂದ. ಡಯಲ್ ಬದಲಾದರೆ ಒಂದು ಕಾಲದ ಗುರುತು ಹೋಗಿ ಇನ್ನೊಂದು ಕಾಲದ ಗುರುತು ಬರುತ್ತದೆ. ಪಾಲಿಶ್ ಚಕ್ರಕ್ಕೆ ಕೊಟ್ಟ ಕೇಸಿಗೆ ಏನೂ ಬರುವುದಿಲ್ಲ, ಲೋಹ ಹೋಗುತ್ತದೆ ಅಷ್ಟೇ. ಬೆಲ್ಟ್ ಕಟ್ಟುವ ಕಿವಿಗಳ ಅಂಚು ಮೊದಲು ಗಟ್ಟಿ ಗೆರೆಯಾಗಿರುತ್ತದೆ, ಪಾಲಿಶ್ ಆದ ಮೇಲೆ ಸೋಪಿನ ತುಂಡಿನ ಹಾಗೆ ದುಂಡಗಾಗುತ್ತದೆ. ಫೋಟೋದಲ್ಲಿ ಫಳಫಳ ಹೊಳೆಯುವುದರಿಂದ ಹೊಸಬರು ಅದನ್ನೇ "ಒಳ್ಳೇ ಕಂಡೀಶನ್" ಅಂದುಕೊಳ್ಳುತ್ತಾರೆ. ಗೀರು ಬಿದ್ದ, ಮಂಕಾದ, ಆದರೆ ಅಂಚು ಗಟ್ಟಿಯಿರುವ ಕೇಸು ಸಿಕ್ಕರೆ ಅದಕ್ಕೆ ನಾಲ್ಕು ಕಾಸು ಜಾಸ್ತಿ ಕೊಡಿ.

ಇನ್ನೊಂದು ನಿಜವಾದ ನಷ್ಟ, ಈಗಿನವರು ಹೊಸದಾಗಿ ಹಚ್ಚುವ ಬಣ್ಣ. 60ರ ದಶಕದ ವರ್ಕ್‌ಶಾಪ್ ಹಚ್ಚಿದ್ದಕ್ಕೂ, ಮಾರಾಟಕ್ಕೆ ಇಡುವ ಮೊದಲು ಯಾರೋ ಕಾಫಿ ಬಣ್ಣ ಬೆರೆಸಿ ಹಳೆಯದರ ಹಾಗೆ ಕಾಣಲಿ ಅಂತ ಹಚ್ಚಿದ್ದಕ್ಕೂ ಆಕಾಶ ಭೂಮಿ ಅಂತರ. ಕತ್ತಲ ಕೋಣೆಯಲ್ಲಿ ಟಾರ್ಚ್ ಹಾಕಿ ತೆಗೆಯಿರಿ. ಟ್ರಿಟಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 12.3 ವರ್ಷ, 60ರ ದಶಕದಲ್ಲಿ ಹಚ್ಚಿದ್ದರಲ್ಲಿ ಈಗ ಉಳಿದಿರುವುದು ನೂರಕ್ಕೆ ಮೂರೋ ನಾಲ್ಕೋ ಪಾಲು. ಜೊತೆಗಿದ್ದ ಹೊಳೆಯುವ ಪುಡಿಯೂ ಸವೆದಿರುತ್ತದೆ. ಟಾರ್ಚ್ ತೆಗೆದ ಮೇಲೆ ಸ್ವಲ್ಪ ಹೊತ್ತು ಮಿಣುಕಬಹುದು, ಬೇಗ ಆರಿಹೋಗಬೇಕು. ಹಸಿರಾಗಿ ಹೊಳೆಯುತ್ತಾ ನಿಂತರೆ ಅದು ನಿನ್ನೆ ಮೊನ್ನೆ ಹಚ್ಚಿದ್ದು. ಭೂತಗನ್ನಡಿಯಲ್ಲಿ ನೋಡಿದರೆ ಅಂಚು ಗೆರೆ ದಾಟಿ ಹರಡಿರುವುದೂ ಕಾಣುತ್ತದೆ.

ಒಮ್ಮೆ ಒಬ್ಬ ವ್ಯಾಪಾರಿ ನನಗೆ ಮಾರ್ಕ್ 11 ತೋರಿಸಿದರು, ಇದು ಇಂಥ ಸ್ಕ್ವಾಡ್ರನ್‌ನ ಇಂಥ ವೀರ ಕಟ್ಟಿದ್ದು ಅಂತ ದೊಡ್ಡ ಕಥೆ ಹೇಳಿದರು. ಕಾಗದ ಎಲ್ಲಿ ಅಂದರೆ ಇಲ್ಲ. ಹಿಂಬದಿ ತೆಗೆಸಿ ಅಂದೆ, ತುಂಬಾ ಹೊತ್ತು ಸಬೂಬು ಹೇಳಿ ಕೊನೆಗೆ ತೆಗೆದರು. ಒಳಗೆ ಕಬ್ಬಿಣದ ಮುಚ್ಚಳವೇ ಇರಲಿಲ್ಲ, ನೇರವಾಗಿ ಮೆಷಿನ್. ಕೆತ್ತಿದ ನಂಬರಿನ ಗೆರೆಗಳ ಆಳ ಎಲ್ಲ ಕಡೆ ಒಂದೇ ಸಮ, ಅಂಚು ಹೊಚ್ಚಹೊಸದು, ಸುತ್ತಲಿನ ಲೋಹ ಮಾತ್ರ ಸವೆದಿದೆ. ಗೀರುಗಳು ಅಂಕಿಗಳ ಮೇಲೆ ಹಾದುಹೋಗಿರಬೇಕಿತ್ತು, ಇಲ್ಲಿ ಅಂಕಿಗಳೇ ಗೀರುಗಳ ಮೇಲೆ ಕೂತಿದ್ದವು. ಇಂಥದ್ದನ್ನು ಪೂರ್ತಿ ಬೆಲೆಗೆ, ಅದೂ ಒಬ್ಬ ಸೈನಿಕನ ಹೆಸರು ಹೇಳಿ ಮಾರುವುದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ. ಕಥೆಗೆ ದುಡ್ಡು ಕೊಡಬೇಡಿ. ಹಿಂಬದಿ ತೆಗೆಯಲು ಒಪ್ಪದವರ ಹತ್ತಿರ ಕೊಳ್ಳಲೇಬೇಡಿ. ದೂರದಿಂದ ತರಿಸುವುದಾದರೆ ಕಬ್ಬಿಣದ ಮುಚ್ಚಳ ಹಾಕಿದ ಫೋಟೋ ಒಂದು, ತೆಗೆದ ಫೋಟೋ ಒಂದು, ಕೀಲಿ ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲುವ ವೀಡಿಯೊ ಒಂದು, ಇಷ್ಟನ್ನು ಕೇಳಿ.

ಬೆಲ್ಟ್ ಕಡ್ಡಿಗಳನ್ನೂ ಗಮನಿಸಿ. ಮಿಲಿಟರಿ ಕೇಸಿನಲ್ಲಿ ಕಡ್ಡಿಗಳು ಕೇಸಿಗೇ ಖಾಯಂ ಆಗಿ ಕೂತಿರುತ್ತವೆ, ಸ್ಪ್ರಿಂಗ್ ಕಡ್ಡಿ ಇರುವುದಿಲ್ಲ. ವಿಮಾನದಲ್ಲಿ ಕಡ್ಡಿ ಹಾರಿ ವಾಚು ಬಿದ್ದರೆ ಹುಡುಕುವುದೆಲ್ಲಿ? ಇದರಿಂದ ಈಗ ನಮಗೊಂದು ತಾಪತ್ರಯ ಏನೆಂದರೆ ಮಾಮೂಲಿ ಎರಡು ತುಂಡಿನ ಚರ್ಮದ ಬೆಲ್ಟ್ ಹಾಕಲು ಆಗುವುದಿಲ್ಲ. ಕಡ್ಡಿಗಳ ಕೆಳಗೆ ತೂರಿಸುವ ಒಂದೇ ಉದ್ದದ ನೈಲಾನ್ ಬೆಲ್ಟ್ ಬೇಕು, ಅಗಲ 18 ಮಿಲಿಮೀಟರ್. ಬ್ರಿಟಿಷ್ ರಕ್ಷಣಾ ಇಲಾಖೆ 1973ರಲ್ಲಿ ನಿಗದಿ ಮಾಡಿದ ಬೂದು ಬಣ್ಣದ ನೈಲಾನ್ ಬೆಲ್ಟ್, ಜಿ10 ಅನ್ನುತ್ತಾರಲ್ಲ, ಅದು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಬೆವರಿದರೆ ತೊಳೆದು ಒಣಗಿಸಿ ಹಾಕಿದರೆ ಆಯಿತು. ಕಡ್ಡಿ ಕತ್ತರಿಸಿ ಸ್ಪ್ರಿಂಗ್ ಕಡ್ಡಿಗೆ ತೂತು ಕೊರೆಸಿದ ಕೇಸುಗಳೂ ಕಣ್ಣಿಗೆ ಬಿದ್ದಿವೆ. ಅಂಥವುಗಳ ತಂಟೆಗೆ ಹೋಗಬೇಡಿ.

ರೇಡಿಯಂ ಬಗ್ಗೆ ಸ್ವಲ್ಪ ಗಂಭೀರವಾಗಿ ಹೇಳಬೇಕು. ವೈಟ್ 12 ಅಥವಾ ಬೇರೆ ಹಳೇ ರೇಡಿಯಂ ಡಯಲ್ ಕೊಂಡರೆ, ಅದು ಹೊಳೆಯುವುದಿಲ್ಲ ಅಂದ ಮಾತ್ರಕ್ಕೆ ಸತ್ತಿದೆ ಅಂದುಕೊಳ್ಳಬೇಡಿ. ಸತ್ತಿರುವುದು ಹೊಳೆಯುವ ಪುಡಿ. ರೇಡಿಯಂನ ಅರ್ಧಾಯುಷ್ಯ 1,600 ವರ್ಷ, ಅದು ಹಚ್ಚಿದ ದಿನ ಎಷ್ಟಿತ್ತೋ ಈಗಲೂ ಹೆಚ್ಚುಕಮ್ಮಿ ಅಷ್ಟೇ ಇದೆ. ಕೇಸು ಮುಚ್ಚಿರುವಾಗ ದೊಡ್ಡ ಭಯವೇನೂ ಬೇಡ, ಆದರೆ ನೀವೇ ಮನೆಯಲ್ಲಿ ಬಿಚ್ಚುವ ಕೆಲಸ ಮಾತ್ರ ಬೇಡವೇ ಬೇಡ. ಒಣಗಿದ ಬಣ್ಣ ಪುಡಿಯಾಗಿ ಉದುರುತ್ತದೆ, ಆ ಪುಡಿ ಮೂಗಿನೊಳಗೆ, ಬಾಯೊಳಗೆ ಹೋದರೆ ಮೂಳೆಯಲ್ಲಿ ಹೋಗಿ ಕೂರುತ್ತದೆ. ಹಿಂದೆ ಅಮೆರಿಕದಲ್ಲಿ ಡಯಲ್‌ಗಳಿಗೆ ಬಣ್ಣ ಹಚ್ಚುತ್ತಿದ್ದ ಹುಡುಗಿಯರಲ್ಲಿ ಎಷ್ಟೋ ಮಂದಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಅದರಿಂದಲೇ ಸತ್ತರು. ರೇಡಿಯಂನಿಂದ ರೇಡಾನ್ ಅನಿಲವೂ ಹುಟ್ಟುತ್ತದೆ, ಹಾಗಾಗಿ ಇಂಥ ವಾಚುಗಳನ್ನು ರಾಶಿ ಹಾಕಿ ಮಲಗುವ ಕೋಣೆಯ ಬೀರುವಿನಲ್ಲಿ ಇಡದೆ ಗಾಳಿಯಾಡುವ ಜಾಗದಲ್ಲಿ ಇಡಿ. ವಿಕಿರಣ ಅಳೆಯುವ ಗೈಗರ್ ಕೌಂಟರ್ ಇರುವವರಿಗೆ ಇನ್ನೊಂದು ಲಾಭ ಇದೆ. ಟ್ರಿಟಿಯಂನ ಕಿರಣ ಎಷ್ಟು ದುರ್ಬಲ ಅಂದರೆ ಗಾಜನ್ನೂ ದಾಟುವುದಿಲ್ಲ, ಕೌಂಟರ್ ಸುಮ್ಮನಿರಬೇಕು. ಟಿ ಗುರುತಿನ ಡಯಲ್ ಮುಂದೆ ಅದು ಒಂದೇ ಸಮನೆ ಚಟಪಟ ಅಂದರೆ ಹಳೇ ರೇಡಿಯಂ ಮುಳ್ಳುಗಳು ಉಳಿದಿವೆ, ಇಲ್ಲವೇ ಕೇಸಿನೊಳಗೆ ರೇಡಿಯಂ ಪುಡಿ ಇದೆ ಅಂತ ಅರ್ಥ. ಬಿಚ್ಚುವವರಿಗೆ ಮೊದಲೇ ತಿಳಿಸಿ.

ಬೇರೆ ಪೈಲಟ್ ವಾಚುಗಳ ಜೊತೆ ಹೋಲಿಸಿ ಅಂತ ಕೇಳುತ್ತಾರೆ. ಯುದ್ಧಕಾಲದ ಜರ್ಮನ್ ಬಿ-ಊರ್ ನೋಡಿದವರು ಮರೆಯುವುದಿಲ್ಲ: 55 ಮಿಲಿಮೀಟರ್, ಫ್ಲೈಟ್ ಜಾಕೆಟ್ ತೋಳಿನ ಮೇಲೆ ಕಟ್ಟುವ ಉದ್ದ ಚರ್ಮದ ಬೆಲ್ಟ್, ಕೈಗವಸು ಹಾಕಿಕೊಂಡೇ ತಿರುಗಿಸಬಹುದಾದ ದಪ್ಪ ಕೀಲಿ, ಕೇಸಿನ ಪಕ್ಕದಲ್ಲಿ ಎಫ್‌ಎಲ್ 23883 ಅಂತ ಕೆತ್ತನೆ. ಮಾಡಿದವರು ಐವರು, ಎ. ಲಾಂಗೆ ಉಂಡ್ ಜೋನೆ, ಲಾಕೊ, ಸ್ಟೋವಾ, ವೆಂಪೆ, ಮತ್ತೆ ಇದೇ ಐಡಬ್ಲ್ಯುಸಿ. ಭಾರಿ ವಸ್ತು, ಆದರೆ ಕಪಾಟಿಗೇ ಸರಿ. ಫ್ರೆಂಚ್ ಟೈಪ್ 20 ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಸೇರಿದ ವಾಚು, ನನ್ನ ಎರಡನೇ ಪ್ರೀತಿ. ಬ್ರೆಗೆ, ಡೊಡಾನ್, ಓರಿಕೋಸ್ಟ್, ವಿಕ್ಸಾ, ಐರೇನ್ ಎಲ್ಲರೂ ಮಾಡಿದರು, ಬ್ರೆಗೆ ಒಂದೇ 1955ರಿಂದ 1959ರ ತನಕ ಫ್ರೆಂಚ್ ವಾಯುಪಡೆಗೆ 1,100 ಕೊಟ್ಟಿತು. ಓಡುತ್ತಿರುವಾಗಲೇ ಕೆಳಗಿನ ಗುಂಡಿ ಒತ್ತಿದರೆ ಮುಳ್ಳು ಸೊನ್ನೆಗೆ ಹಾರಿ ಅಲ್ಲಿಂದಲೇ ಮತ್ತೆ ಓಡುತ್ತದೆ. ಒಂದು ದಿಕ್ಕಿನ ಹಾರಾಟ ಮುಗಿಸಿ ಇನ್ನೊಂದಕ್ಕೆ ತಿರುಗುವಾಗ ಸಮಯ ಕಳೆಯದಂತೆ ಈ ಏರ್ಪಾಡು. ಆ ಒತ್ತುವ ಸುಖವೇ ಬೇರೆ, ಆದರೆ ರಿಪೇರಿ ಬಂದರೆ ಖರ್ಚೂ ಬೇರೆಯೇ. ಕೈಯಲ್ಲಿ ದುಡ್ಡು ಕಡಿಮೆ ಇರುವವರು ಅಮೆರಿಕದ ಎ-11 ನೋಡಿ. ಎಲ್ಜಿನ್, ವಾಲ್ತಮ್, ಬುಲೋವಾ ಯುದ್ಧಕಾಲದಲ್ಲಿ ರಾಶಿ ರಾಶಿ ಮಾಡಿದವು, 32 ಮಿಲಿಮೀಟರ್ ಸುಮಾರು, ಸೆಕೆಂಡ್ ಮುಳ್ಳು ಅದರಲ್ಲೂ ನಿಲ್ಲುತ್ತದೆ, ಇತಿಹಾಸ ಅದರಲ್ಲೂ ಅಷ್ಟೇ ಇದೆ.

ಜೇಗರ್-ಲೆಕೂಲ್ತ್ರ್ ಮಾಡಿದ ಮಾರ್ಕ್ 11 ಬಗ್ಗೆ ಎರಡು ಮಾತು. ಸಂಖ್ಯೆಯಲ್ಲಿ ಕಡಿಮೆ, ಮೆಷಿನ್ ಅವರದೇ, ನೋಡಲು ಅಣ್ಣತಮ್ಮಂದಿರು. ಬೆಲೆ ಒಪ್ಪಿಗೆಯಾಗಿ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ಅಂದರೆ ಹಿಂಬದಿ ಬಿಚ್ಚಿಸಿ ನೋಡಿದ ಮೇಲೆ. ನನಗೆ ಐಡಬ್ಲ್ಯುಸಿಯೇ ಹೆಚ್ಚು ಇಷ್ಟವಾಗುವುದು ಆ ಮೊಂಡು ಗಂಟೆ ಮುಳ್ಳಿಗಾಗಿ, ಮತ್ತೆ ಕ್ಯಾಲಿಬರ್ 89 ಕೈಯಾಡಿಸಿದ ರಿಪೇರಿಯವರು ಸಿಗುತ್ತಾರೆ ಅನ್ನುವುದಕ್ಕಾಗಿ. ಐಡಬ್ಲ್ಯುಸಿ ಆಮೇಲೆ ಮಾರ್ಕ್ 12ರಿಂದ ಶುರುಮಾಡಿ 2022ರ ಮಾರ್ಕ್ 20ರ ತನಕ ಇದೇ ವಂಶದ ಹೊಸ ವಾಚುಗಳನ್ನು ತಂದಿದೆ. ಅವು ಒಳ್ಳೆಯ ವಾಚುಗಳೇ, ತಾರೀಕು ಇದೆ, ಕೀ ಕೊಡಬೇಕಾಗಿಲ್ಲ, ನೀರಿಗೆ ಹೆದರಬೇಕಾಗಿಲ್ಲ. ಹಳೆಯದರ ತಲೆನೋವು ಬೇಡ, ಆ ಮುಖ ಮಾತ್ರ ಬೇಕು ಅನ್ನುವವರು ಸಂಕೋಚವಿಲ್ಲದೆ ಅದನ್ನೇ ಕೊಳ್ಳಬಹುದು.

ಹಳೆಯದರ ತಲೆನೋವು ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಾತ್ರಿ ಹೊತ್ತು ಏನೂ ಕಾಣುವುದಿಲ್ಲ. ಗಾಜು ಪ್ಲಾಸ್ಟಿಕ್ ಆದ್ದರಿಂದ ಗೋಡೆಗೆ ತಾಗಿದರೆ ಸಾಕು ಗೀರು, ಹಾಗೇ ಒಂದಿಷ್ಟು ಪಾಲಿಶ್ ಪೇಸ್ಟ್ ಹಾಕಿ ಬಟ್ಟೆಯಿಂದ ಉಜ್ಜಿದರೆ ಹೋಗುವುದೂ ನಿಜ. ಮಳೆಯಲ್ಲಿ ಕಟ್ಟಬೇಡಿ, ಕೈ ತೊಳೆಯುವಾಗ ತೆಗೆದಿಡಿ. ಎಪ್ಪತ್ತು ವರ್ಷದ ಕಬ್ಬಿಣದ ಡಯಲ್‌ಗೆ ತೇವ ಹೋದರೆ ಬಣ್ಣದ ಕೆಳಗಿನಿಂದ ತುಕ್ಕು ಎದ್ದು ಬರುತ್ತದೆ, ಅದಕ್ಕೆ ಔಷಧಿ ಇಲ್ಲ. ಕೀ ದಿನಾ ಒಂದೇ ಹೊತ್ತಿಗೆ, ಬೆಳಗ್ಗೆ, ಕೈಯಿಂದ ಬಿಚ್ಚಿಟ್ಟುಕೊಂಡು ಕೊಡಿ. ಕಟ್ಟಿಕೊಂಡೇ ಕೊಟ್ಟರೆ ಕೀಲಿಯ ಕಡ್ಡಿ ಓರೆಯಾಗಿ ಸವೆಯುತ್ತದೆ. ಚೆನ್ನಾಗಿ ಸರ್ವಿಸ್ ಆದ ಮಾರ್ಕ್ 11 ಈಗಲೂ ದಿನಕ್ಕೆ ಕೆಲವೇ ಸೆಕೆಂಡ್ ಆಚೀಚೆ ಓಡುತ್ತದೆ. ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಹೋದರೆ ಗಾಬರಿಯಾಗಬೇಡಿ, ಬಹುಶಃ ಕಾಂತ ಹತ್ತಿದೆ. ಕಾಂತ ಬಿಡಿಸುವುದು ರಿಪೇರಿಯವರಿಗೆ ಒಂದು ಕ್ಷಣದ ಕೆಲಸ, ಆದರೆ ಕಬ್ಬಿಣದ ಕವಚ ತೆಗೆದು ಮಾಡಬೇಕು, ಇಲ್ಲದಿದ್ದರೆ ಕವಚ ಅವರ ಯಂತ್ರವನ್ನೂ ತಡೆಯುತ್ತದೆ.

ರಿಪೇರಿಗೆ ಕೊಡುವಾಗ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಒಂದು ಚೀಟಿಯಲ್ಲಿ ಬರೆದು ವಾಚಿನ ಜೊತೆಗೇ ಕೊಡಿ. ಕೇಸು ಪಾಲಿಶ್ ಮಾಡಬೇಡಿ. ಡಯಲ್ ತೊಳೆಯಬೇಡಿ. ಮುಳ್ಳಿನ ಬಣ್ಣ ಉದುರುತ್ತಿದ್ದರೆ ಹಿಂಬದಿಯಿಂದ ಒಂದು ಹನಿ ಲ್ಯಾಕರ್ ಹಾಕಿ ಗಟ್ಟಿ ಮಾಡಿ, ಹೊಸ ಬಣ್ಣ ಹಚ್ಚಬೇಡಿ. ಯಾವುದೇ ಭಾಗ ಬದಲಿಸಿದರೆ ಹಳೆಯದನ್ನು ಪೊಟ್ಟಣದಲ್ಲಿ ಹಾಕಿ ವಾಪಸ್ ಕೊಡಿ. ಇದನ್ನೆಲ್ಲ ಓದಿ ಮುಖ ಗಂಟಿಕ್ಕುವವರೂ ಇದ್ದಾರೆ, ಅವರ ಹತ್ತಿರ ವಾಚು ಬಿಟ್ಟು ಬರಬೇಡಿ. ಚೀಟಿ ಓದಿ, ಹಿಂಬದಿ ತೆಗೆದು, ಕಬ್ಬಿಣದ ಮುಚ್ಚಳ ಎತ್ತಿ, ಒಳಗೆ ಹಳೆಯ ರಿಪೇರಿ ಗುರುತುಗಳೇನಾದರೂ ಇವೆಯಾ ಅಂತ ಕಣ್ಣಿಗೆ ಲೂಪ್ (ಸಣ್ಣ ಭೂತಗನ್ನಡಿ) ಹಾಕಿಕೊಂಡು ಹುಡುಕುವವರು ಸಿಕ್ಕರೆ ಎಷ್ಟು ತಿಂಗಳು ತಡ ಮಾಡಿದರೂ ಅವರಿಗೇ ಕೊಡಿ.